ಪಿಸ್ತೂಲಿಗೊಂದು ಚರ್ಮದ ಒರೆ: ಕೈಯಿಂದ ಹೊಲಿದು ಮುಗಿಸುವ ಬಗೆ

ಪಿಸ್ತೂಲಿನ ಒರೆಯನ್ನು ಕೊಳ್ಳುವವರು ಸಾಮಾನ್ಯವಾಗಿ ಅದರ ಬಣ್ಣವನ್ನೂ ಪಟ್ಟಿಯನ್ನೂ ಗುಂಡಿಯನ್ನೂ ನೋಡುತ್ತಾರೆ. ಅದನ್ನು ಕೈಯಿಂದ ಮಾಡಲು ಕುಳಿತವರಿಗೆ ಮಾತ್ರ, ಆಯುಧವನ್ನು ಹಿಡಿದಿಡುವುದು ಪಟ್ಟಿಯೂ ಅಲ್ಲ ಗುಂಡಿಯೂ ಅಲ್ಲ, ಹೊಲಿಗೆಯ ಗೆರೆ ಎಂಬುದು ಬೇಗನೆ ಮನವರಿಕೆಯಾಗುತ್ತದೆ. ಆ ಗೆರೆ ಒಂದೆರಡು ಮಿಲಿಮೀಟರ್ ಒಳಗೆ ಬಿದ್ದರೆ ಪಿಸ್ತೂಲು ಒರೆಯೊಳಕ್ಕೆ ಇಳಿಯಲು ಹಠ ಮಾಡುತ್ತದೆ. ಅಷ್ಟೇ ಹೊರಗೆ ಬಿದ್ದರೆ ಒಳಗೆ ಲೊಡಲೊಡ ಅಲುಗಾಡುತ್ತದೆ. ಬಣ್ಣ, ಹೊಳಪು, ಅಂಚಿನ ನುಣುಪು ಇವೆಲ್ಲ ಆಮೇಲಿನ ಮಾತು.

ಇಲ್ಲಿ ವಿವರಿಸುತ್ತಿರುವುದು ಹವ್ಯಾಸಿಗಳು ಮೊದಲ ಪ್ರಯತ್ನಕ್ಕೆ ಆರಿಸಿಕೊಳ್ಳಬಹುದಾದ ಸರಳ ಮಾದರಿ. ಎರಡು ಚರ್ಮದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಪಿಸ್ತೂಲಿನ ಎರಡೂ ಬದಿಗೆ ಹೊಲಿದು, ರೆಕ್ಕೆಯಂತೆ ಚಾಚಿದ ಭಾಗಗಳಲ್ಲಿ ಬೆಲ್ಟು ತೂರಿಸಲು ಸೀಳು ಬಿಟ್ಟರೆ ಒರೆ ಸಿದ್ಧ. ಚಪ್ಪಟೆಯಾಗಿ ಸೊಂಟಕ್ಕೆ ಅಂಟಿಕೊಳ್ಳುವುದರಿಂದ ಇದಕ್ಕೆ ಪ್ಯಾನ್‌ಕೇಕ್ ಎಂಬ ಹೆಸರು ಬಿದ್ದಿದೆ.

ಕೆಲಸಕ್ಕೆ ಕೈ ಹಾಕುವ ಮುನ್ನ ಒಂದು ನಿಯಮ. ಅಳತೆಗೂ ಅಚ್ಚಿಗೂ ನಿಜವಾದ ಆಯುಧವನ್ನು ಬಳಸದೆ, ಅದೇ ಮಾದರಿಯ, ಅದೇ ಅಳತೆಯ ಪ್ಲಾಸ್ಟಿಕ್ ಅಥವಾ ಲೋಹದ ಅಣಕು ಪಿಸ್ತೂಲನ್ನು ಬಳಸುವುದು ಉತ್ತಮ. ಗುಂಡು ಹಾರಿಸಲು ಬಾರದ ಇಂಥ ಅಚ್ಚುಗಳು ತರಬೇತಿಗೆಂದೇ ತಯಾರಾಗುತ್ತವೆ. ಅದು ಸಿಗದೆ ಪರವಾನಗಿ ಇರುವ ಸ್ವಂತ ಆಯುಧವನ್ನೇ ಬಳಸಬೇಕಾಗಿ ಬಂದರೆ, ಮ್ಯಾಗಜೀನ್ ತೆಗೆದು, ನಳಿಗೆಯ ಹಿಂಬದಿಯಲ್ಲಿ ಗುಂಡು ಕೂರುವ ಗೂಡು ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬಂದ ಮೇಲೆಯೇ ಕೆಲಸ ಆರಂಭಿಸಬೇಕು.

ಚರ್ಮದ ಆಯ್ಕೆ

ಚಪ್ಪಲಿ, ಕೈಚೀಲ, ಜಾಕೆಟ್ಟುಗಳಿಗೆ ಬರುವ ಚರ್ಮವೆಲ್ಲ ಒರೆಗೆ ಬರುವುದಿಲ್ಲ. ಇಲ್ಲಿ ಬೇಕಾದುದು ಓಕ್, ವಾಟಲ್, ತಂಗಡಿಯಂಥ ಮರಗಿಡಗಳ ತೊಗಟೆಯ ಒಗರಿನಿಂದ ಹದ ಮಾಡಿದ ಚರ್ಮ. ಒಗರಿನಲ್ಲಿರುವ ಟ್ಯಾನಿನ್ನಿನಿಂದ ಹದವಾದ ಚರ್ಮ ನೀರಿನಲ್ಲಿ ನೆನೆದಾಗ ಮೆತ್ತಗಾಗಿ, ಒತ್ತಿದ ಆಕಾರವನ್ನು ಹಿಡಿದು, ಒಣಗಿದಾಗ ಆ ಆಕಾರದಲ್ಲೇ ಗಟ್ಟಿಯಾಗುತ್ತದೆ. ಕ್ರೋಮಿಯಂ ಲವಣಗಳಿಂದ ಹದ ಮಾಡಿದ ಚರ್ಮಕ್ಕೆ ಈ ಗುಣವಿಲ್ಲ. ಎಷ್ಟು ನೆನೆಸಿ ಒತ್ತಿದರೂ ಬಟ್ಟೆಯಂತೆ ಮತ್ತೆ ಸಡಿಲಗೊಳ್ಳುತ್ತದೆ, ಸಾಲದೆಂಬಂತೆ ಅದರಲ್ಲಿ ಉಳಿದ ಲವಣಗಳು ಉಕ್ಕಿಗೆ ತುಕ್ಕು ಹಿಡಿಸಬಲ್ಲವು. ಎರಡನ್ನೂ ಗುರುತಿಸುವುದು ಕಷ್ಟವಲ್ಲ. ಕತ್ತರಿಸಿದ ಅಂಚು ಒಳಗೆಲ್ಲ ತಿಳಿಕಂದಾಗಿದ್ದರೆ ತೊಗಟೆಯ ಹದ. ನಡುವೆ ನೀಲಿ ಬೂದು ಛಾಯೆ ಕಂಡರೆ ಬಹುಮಟ್ಟಿಗೆ ಕ್ರೋಮ್.

ಚರ್ಮದ ದಪ್ಪವನ್ನು ಔನ್ಸಿನಲ್ಲಿ ಹೇಳುವ ವಾಡಿಕೆಯುಂಟು. ಒಂದು ಔನ್ಸ್ ಎಂದರೆ ಇಂಚಿನ 64ನೇ ಒಂದು ಭಾಗ, ಸುಮಾರು 0.4 ಮಿ.ಮೀ. ಸಾಧಾರಣ ಗಾತ್ರದ ಪಿಸ್ತೂಲಿಗೆ 7ರಿಂದ 8 ಔನ್ಸ್, ಅಂದರೆ 3 ಮಿ.ಮೀ. ಆಸುಪಾಸಿನ ದನದ ಚರ್ಮ ಸರಿಹೋಗುತ್ತದೆ. ಬೆನ್ನಿನ ಅಥವಾ ಹೆಗಲಿನ ಭಾಗವನ್ನೇ ಕೇಳಿ ಪಡೆಯಬೇಕು. ಹೊಟ್ಟೆಯ ಭಾಗ ಅಗ್ಗವಾಗಿ ದೊರೆತರೂ ಅದು ಹಿಗ್ಗುವ ಚರ್ಮ, ಹಿಗ್ಗಿದ ಒರೆ ನಂಬಿಕೆಗೆ ತಕ್ಕದ್ದಲ್ಲ.

ಮಾದರಿ ಮತ್ತು ಗೆರೆ

ದಪ್ಪ ಕಾಗದದ ಮೇಲೆ ಪಿಸ್ತೂಲನ್ನು ಮಲಗಿಸಿ ಸುತ್ತಲೂ ಗೆರೆ ಎಳೆಯುವುದು ಮೊದಲ ಹೆಜ್ಜೆ. ನನ್ನ ಮೊದಲ ಒರೆ ಹಾಳಾದದ್ದು ಇದೇ ಹೆಜ್ಜೆಯಲ್ಲಿ. ಸಾಮಾನ್ಯ ಪೆನ್ಸಿಲಿನ ದಪ್ಪ ಸುಮಾರು 7 ಮಿ.ಮೀ. ಅದನ್ನು ನೆಟ್ಟಗೆ ಹಿಡಿದು ಪಿಸ್ತೂಲಿನ ಮೈಗೆ ತಾಗಿಸಿ ಎಳೆದರೆ, ಮೊನೆ ನಡುವೆ ಇರುವುದರಿಂದ ಗೆರೆ ಎಲ್ಲ ಕಡೆ ಮೂರೂವರೆ ಮಿಲಿಮೀಟರ್ ಹೊರಗೆ ಬೀಳುತ್ತದೆ. ಎರಡೂ ಬದಿ ಸೇರಿದರೆ 7 ಮಿ.ಮೀ. ಸಡಿಲ! ಪಿಸ್ತೂಲು ಒರೆಯೊಳಗೆ ಜೋಳಿಗೆಯಲ್ಲಿಟ್ಟ ತೆಂಗಿನಕಾಯಿಯಂತೆ ಉರುಳುತ್ತಿತ್ತು. ಮರದ ಕವಚವಿಲ್ಲದ ಬರಿಯ ಸೀಸದಿಂದ ಅಥವಾ ಸಪೂರ ಮೊನೆಯ ಪೆನ್ನಿನಿಂದ ಗೆರೆ ಎಳೆದು, ಬಳಿಕ ಚಿತ್ರದ ಅಗಲವನ್ನೂ ಪಿಸ್ತೂಲಿನ ಅಗಲವನ್ನೂ ಅಳತೆಪಟ್ಟಿಯಿಂದ ಹೋಲಿಸಿ ನೋಡಿದರೆ ಈ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಈಗ ಹೊಲಿಗೆಯ ಗೆರೆ. ಪಿಸ್ತೂಲಿನ ದಪ್ಪದ ಅರ್ಧಕ್ಕೆ ಚರ್ಮದ ಒಂದು ಪದರದ ದಪ್ಪವನ್ನು ಕೂಡಿಸಿದರೆ, ಚಿತ್ರದ ಗೆರೆಯಿಂದ ಹೊಲಿಗೆ ಎಷ್ಟು ದೂರವಿರಬೇಕೆಂಬುದು ದೊರೆಯುತ್ತದೆ. ಪಿಸ್ತೂಲು 24 ಮಿ.ಮೀ. ದಪ್ಪವಿದ್ದು ಚರ್ಮ 3 ಮಿ.ಮೀ. ಇದ್ದರೆ 12 ಮತ್ತು 3 ಸೇರಿ 15 ಮಿ.ಮೀ. ಇದು ಆರಂಭದ ಲೆಕ್ಕವಷ್ಟೆ. ಆಯುಧದ ದಪ್ಪ ಎಲ್ಲ ಕಡೆ ಒಂದೇ ಆಗಿರುವುದಿಲ್ಲವಾದ್ದರಿಂದ, ಟ್ರಿಗರ್ ಸುತ್ತಲಿನ ಬಳೆಯಂಥ ತೆಳುವಾದ ಭಾಗದಲ್ಲಿ ಅಲ್ಲಿಯ ದಪ್ಪವನ್ನೇ ಅಳೆದು ಗೆರೆಯನ್ನು ಹತ್ತಿರಕ್ಕೆ ತರಬೇಕು. ಒರೆಯ ಹಿಡಿತದ ಬಹುಪಾಲು ಬರುವುದು ಈ ಬಳೆಯ ಅಡಿಯಲ್ಲಿ ಹಾಯುವ ಹೊಲಿಗೆಯಿಂದಲೇ.

ಮಾದರಿ ಬರೆಯುವಾಗ ಇನ್ನೆರಡು ಸಂಗತಿಗಳಲ್ಲಿ ರಾಜಿ ಸಲ್ಲದು. ಟ್ರಿಗರ್ ಮತ್ತು ಅದರ ಬಳೆ ಪೂರ್ತಿಯಾಗಿ ಚರ್ಮದಡಿ ಮುಚ್ಚಿರಬೇಕು. ಪಿಸ್ತೂಲಿನ ಹಿಡಿಯಾದರೋ ತೋರುಬೆರಳೊಂದನ್ನು ಬಿಟ್ಟು ಉಳಿದ ಬೆರಳುಗಳು ಒಮ್ಮೆಗೇ ಸುತ್ತಿಕೊಳ್ಳುವಷ್ಟು ತೆರೆದಿರಬೇಕು. ಹೊಲಿಗೆಯ ಹೊರಗೆ ಅಂಚಿಗೆ ಕನಿಷ್ಠ 6 ಮಿ.ಮೀ. ಬಿಟ್ಟು, ರೆಕ್ಕೆಗಳಲ್ಲಿ ಬೆಲ್ಟಿನ ಸೀಳನ್ನು ಗುರುತಿಸಬೇಕು. 38 ಮಿ.ಮೀ. ಅಗಲದ ಬೆಲ್ಟಿಗೆ 40 ಮಿ.ಮೀ. ಉದ್ದ, 6 ಮಿ.ಮೀ. ಅಗಲದ ಸೀಳು ಸಾಕು. ಸೀಳಿನ ಎರಡು ತುದಿಗೂ ಮೊದಲು ದುಂಡನೆಯ ತೂತು ಹೊಡೆದು, ಆಮೇಲೆ ಎರಡರ ನಡುವೆ ಚಾಕುವಿನಿಂದ ಕೊಯ್ಯಬೇಕು. ಚೌಕನೆಯ ಮೂಲೆ ಬಿಟ್ಟರೆ ಚರ್ಮ ಹರಿಯಲು ಆರಂಭಿಸುವುದು ಅಲ್ಲಿಂದಲೇ.

ಅಂಟು, ತೂತು, ದಾರ

ಮಾದರಿಯನ್ನು ಚರ್ಮದ ನುಣುಪಾದ ಮುಖದ ಮೇಲಿಟ್ಟು ಗೀಚಿ, ಹರಿತವಾದ ಚಾಕುವಿನಿಂದ ಕತ್ತರಿಸಬೇಕು. ಎರಡನೆಯ ತುಂಡಿಗೆ ಮಾದರಿಯನ್ನು ಮಗುಚಿ ಇಡಬೇಕೆಂಬುದು ಹೇಳಿದಾಗ ಹುಡುಗಾಟಿಕೆಯ ಮಾತೆನಿಸಿದರೂ, ಮರೆತು ಎರಡು ಎಡಬದಿಗಳನ್ನು ಕತ್ತರಿಸಿಟ್ಟವರು ಕಡಿಮೆಯೇನಿಲ್ಲ. ಒರೆಯ ಬಾಯಿಗೆ ಹೊರಗಿನಿಂದ ಇನ್ನೊಂದು ಚರ್ಮದ ಪಟ್ಟಿಯನ್ನು ಅಂಟಿಸಿ ಹೊಲಿದರೆ, ಪಿಸ್ತೂಲನ್ನು ಹೊರತೆಗೆದ ಮೇಲೂ ಬಾಯಿ ಕುಸಿಯದೆ ತೆರೆದಿರುತ್ತದೆ. ಇದು ಅಲಂಕಾರವಲ್ಲ. ಬಾಯಿಯ ಚರ್ಮ ಮೆತ್ತಗಾಗಿ ಒಳಕ್ಕೆ ಮಡಚಿಕೊಂಡರೆ, ಆಯುಧವನ್ನು ಮರಳಿ ಒರೆಗಿಳಿಸುವಾಗ ಆ ಮಡಿಕೆಯೇ ಟ್ರಿಗರನ್ನು ಒತ್ತುವ ಅಪಾಯವಿದೆ.

ಎರಡು ತುಂಡುಗಳ ಒರಟು ಮುಖಗಳಲ್ಲಿ, ಹೊಲಿಗೆಯ ಗೆರೆಯಿಂದ ಅಂಚಿನವರೆಗೆ ಮಾತ್ರ, ಚರ್ಮದ ಅಂಟನ್ನು ತೆಳುವಾಗಿ ಸವರಿ, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಒಣಗಿದ ಬಳಿಕ ಜೋಡಿಸಿ ಒತ್ತಬೇಕು. ಹೊಲಿಗೆಯ ಗೆರೆಯುದ್ದಕ್ಕೂ ಸಣ್ಣ ಕಾಲುವೆ ಕೊರೆದುಕೊಂಡರೆ ದಾರ ಅದರೊಳಗೆ ಅಡಗಿ ಉಜ್ಜಾಟದಿಂದ ಪಾರಾಗುತ್ತದೆ. ಕಾಲುವೆಯಲ್ಲಿ ಸುಮಾರು 4 ಮಿ.ಮೀ.ಗೊಂದರಂತೆ ಗುರುತು ಹಾಕಿ, ಚುಚ್ಚುವ ಉಳಿಯಿಂದ ತೂತು ಮಾಡಬೇಕು. ಉಳಿಯನ್ನು ನೆಟ್ಟಗೆ ಹಿಡಿಯುವುದೇ ಈ ಹಂತದ ಸಕಲ ವಿದ್ಯೆ. ಎರಡು ಪದರ ಸೇರಿ 6 ಮಿ.ಮೀ. ಇರುವ ಚರ್ಮದಲ್ಲಿ ಉಳಿ 10 ಡಿಗ್ರಿ ವಾಲಿದರೆ ಹಿಂಬದಿಯ ತೂತು 1 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ, ಮುಂದೆ ಸಾಲು ನೇರವಾಗಿದ್ದರೂ ಹಿಂದೆ ಹಲ್ಲು ಸೊಟ್ಟಗಾದಂತೆ ಕಾಣುತ್ತದೆ.

ಹೊಲಿಯಲು ಒಂದೇ ದಾರದ ಎರಡು ತುದಿಗೂ ಮೊಂಡು ಮೊನೆಯ ಸೂಜಿಗಳನ್ನು ಪೋಣಿಸಿಕೊಳ್ಳಬೇಕು. ದಾರ ಲಿನನ್ನಿನದಾಗಲಿ ಪಾಲಿಯೆಸ್ಟರಿನದಾಗಲಿ ಜೇನುಮೇಣ ಸವರಿದ್ದಿರಬೇಕು, ಹೊಲಿಗೆಯ ಉದ್ದದ ನಾಲ್ಕು ಪಟ್ಟು ಇರಬೇಕು. 25 ಸೆಂ.ಮೀ. ಹೊಲಿಗೆಗೆ 1 ಮೀಟರ್. ಪ್ರತಿ ತೂತಿನಲ್ಲೂ ಒಂದು ಸೂಜಿ ಬಲದಿಂದ ಎಡಕ್ಕೂ ಇನ್ನೊಂದು ಎಡದಿಂದ ಬಲಕ್ಕೂ ಹಾಯುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನು ಕೊನೆಯವರೆಗೂ ಬದಲಿಸದೆ, ಎರಡೂ ಕೈಗಳಿಂದ ಒಂದೇ ಬಲದಲ್ಲಿ ಎಳೆದರೆ ಹೊಲಿಗೆ ಒಂದೇ ಓಟದಲ್ಲಿ ಬರುತ್ತದೆ. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರವೂ ಕೆಳಗಿನ ದಾರವೂ ನಡುವೆ ಕೊಂಡಿ ಹಾಕಿಕೊಂಡು ಅವರವರ ಬದಿಗೆ ಮರಳುವುದರಿಂದ, ಒಂದು ತುಂಡಾದರೆ ಸಾಲೇ ಬಿಚ್ಚಿಕೊಳ್ಳಬಹುದು. ಈ ಎರಡು ಸೂಜಿಯ ಹೊಲಿಗೆಯಲ್ಲಿ ಒಂದು ಎಳೆ ಸವೆದು ಹರಿದರೂ ಮತ್ತೊಂದು ಎಳೆ ಎಲ್ಲ ತೂತುಗಳಲ್ಲೂ ಹಾದಿರುವುದರಿಂದ ಹಿಡಿದುಕೊಂಡೇ ಇರುತ್ತದೆ. ಕೊನೆಗೆ ಎರಡು ಮೂರು ತೂತು ಹಿಂದಕ್ಕೆ ಹೊಲಿದು ದಾರವನ್ನು ಕತ್ತರಿಸಿದರಾಯಿತು, ಗಂಟು ಬೇಕಿಲ್ಲ.

ನೆನೆಸಿ ಅಚ್ಚೊತ್ತುವುದು

ಇಡೀ ಕೆಲಸದಲ್ಲಿ ನನಗೆ ಪ್ರಿಯವಾದ ಹಂತ ಇದು, ಅವಸರ ಮಾಡಿದರೆ ಕ್ಷಮಿಸದ ಹಂತವೂ ಇದೇ. ಮೊದಲು ಅಣಕು ಪಿಸ್ತೂಲಿನ ಮೇಲ್ಭಾಗದಲ್ಲಿ, ಮುಂದಿನ ಸೈಟಿನಿಂದ (ಗುರಿ ನೋಡಲು ಇರುವ ಸಣ್ಣ ಉಬ್ಬು) ಹಿಂದಿನವರೆಗೂ, ಸೈಟಿನ ಅಗಲಕ್ಕಿಂತ ತುಸು ದಪ್ಪನೆಯ ಮರದ ಕಡ್ಡಿಯೊಂದನ್ನು ಟೇಪಿನಿಂದ ಅಂಟಿಸಬೇಕು. ಚರ್ಮದಲ್ಲಿ ಅದು ಬಿಡುವ ಓಣಿಯಲ್ಲಿ ಸೈಟು ಆರಾಮವಾಗಿ ಜಾರುತ್ತದೆ. ಇಲ್ಲವಾದರೆ ಪ್ರತಿ ಸಲವೂ ಒಳಗಿನ ಚರ್ಮವನ್ನು ಕೆರೆಯುತ್ತದೆ. ಬಳಿಕ ಅಚ್ಚಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಬೇಕು. ಉಕ್ಕಿನ ಆಯುಧವಾಗಿದ್ದರೆ ಇದು ಕಡ್ಡಾಯ. ಒದ್ದೆ ಚರ್ಮದ ಟ್ಯಾನಿನ್ ಕಬ್ಬಿಣದೊಡನೆ ಸೇರಿದರೆ ಮಸಿಯಂಥ ಕಪ್ಪು ಹುಟ್ಟುತ್ತದೆ, ಆ ಕಲೆ ಅಳಿಸುವುದಿಲ್ಲ. ಅತ್ತ ಆಯುಧಕ್ಕೂ ನೀರು ಒಳ್ಳೆಯದಲ್ಲ.

ಹೊಲಿದ ಒರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಮುಳುಗಿಸಿ ತೆಗೆದು, ಹಾಗೇ ಬಿಡಬೇಕು. ನೀರು ಬಿಸಿಯಾಗಿದ್ದರೆ ಚರ್ಮ ಸುರುಟಿ ಪೆಡಸಾಗುತ್ತದೆ. ತೊಟ್ಟಿಕ್ಕುವ ಚರ್ಮಕ್ಕೆ ಅಚ್ಚು ಕೂಡುವುದಿಲ್ಲ, ಒಣಗಿದ್ದಕ್ಕೂ ಕೂಡುವುದಿಲ್ಲ. ಗಾಢಕಂದಾಗಿದ್ದ ಮೇಲ್ಮೈ ನಿಧಾನವಾಗಿ ತನ್ನ ಮೊದಲಿನ ಬಣ್ಣಕ್ಕೆ ಮರಳುತ್ತಿರುವಾಗ, ಕೆನ್ನೆಗೆ ಒತ್ತಿ ನೋಡಿದರೆ ಮಾತ್ರ ತಣ್ಣಗೆ ತಾಗುವ ಒಂದು ಹೊತ್ತು ಬರುತ್ತದೆ. ಅದೇ ಹದ.

ಆಗ ಅಚ್ಚನ್ನು ಒಳಗಿಳಿಸಿ, ಮೊದಲು ಹೆಬ್ಬೆರಳುಗಳಿಂದ, ಆಮೇಲೆ ಮೂಳೆಯಿಂದಲೋ ಗಟ್ಟಿ ಮರದಿಂದಲೋ ಮಾಡಿದ ಮೊಂಡು ತುದಿಯ ಕಡ್ಡಿಯಿಂದ ಪಿಸ್ತೂಲಿನ ಆಕಾರ ಎದ್ದು ಬರುವಂತೆ ಸುತ್ತಲೂ ಒತ್ತಬೇಕು. ಉಗುರು ಕತ್ತರಿಸಿಕೊಂಡು, ಉಂಗುರ ತೆಗೆದಿಟ್ಟು ಕೂರುವುದು ಲೇಸು, ಏಕೆಂದರೆ ಒದ್ದೆ ಚರ್ಮ ಪಿಸ್ತೂಲಿನ ಆಕಾರವನ್ನು ಎಷ್ಟು ನಿಷ್ಠೆಯಿಂದ ನೆನಪಿಡುತ್ತದೆಯೋ ಉಗುರಿನ ಗೀರನ್ನೂ ಅಷ್ಟೇ ನಿಷ್ಠೆಯಿಂದ ನೆನಪಿಡುತ್ತದೆ. ಟ್ರಿಗರ್ ಬಳೆಯ ಹೊರಸುತ್ತನ್ನು ಸ್ಫುಟವಾಗಿ ಒತ್ತಬಹುದು. ಬಳೆಯ ಒಳಗಿನ ಖಾಲಿ ಜಾಗಕ್ಕೆ ಚರ್ಮವನ್ನು ಆಳವಾಗಿ ತಳ್ಳಬಾರದು. ಟ್ರಿಗರಿನ ಬಳಿ ಯಾವುದೂ ಸುಳಿಯಬಾರದೆಂಬ ನಿಯಮ ಒರೆಗೂ ಅನ್ವಯಿಸುತ್ತದೆ.

ಆಕಾರ ಬಂದ ಮೇಲೆ ಅಚ್ಚನ್ನು ಮೆಲ್ಲನೆ ಹೊರತೆಗೆದು, ನೆರಳಿನಲ್ಲಿ ಗಾಳಿಯಾಡುವ ಕಡೆ ಒರೆಯನ್ನು ಒಂದು ದಿನ ಪೂರ್ತಿ ಒಣಗಿಸಬೇಕು. ಬೆಚ್ಚನೆಯ ಗಾಳಿ ಹಾಯಿಸುವವರೂ ಇದ್ದಾರೆ, ಅದರಿಂದ ಚರ್ಮ ಇನ್ನಷ್ಟು ಬಿಗಿಯಾಗುವುದೂ ನಿಜ. ಆದರೆ 50 ಡಿಗ್ರಿ ಸೆಲ್ಸಿಯಸ್ ದಾಟಿಸುವುದು ಅಪಾಯ.

ಬಣ್ಣ, ಅಂಚು, ಹೊಳಪು

ಬಣ್ಣವನ್ನು ಹೊಲಿಗೆಗೆ ಮೊದಲು ಹಾಕಬೇಕೋ ಆಮೇಲೋ ಎಂಬ ಚರ್ಚೆಗೆ ಕೊನೆಯಿಲ್ಲ. ದಾರ ಬಿಳಿಯಾಗಿ ಎದ್ದು ಕಾಣಬೇಕೆಂದಿದ್ದರೆ ಮೊದಲೇ ಹಾಕಬೇಕು. ನನ್ನ ಮಟ್ಟಿಗೆ ಒಣಗಿದ ಮೇಲೆ ಹಾಕುವುದೇ ಮೇಲು, ನೆನೆಸುವಾಗ ಬಣ್ಣ ಬಿಡುವ ತಲೆನೋವಿರುವುದಿಲ್ಲ. ಉಣ್ಣೆಯ ತುಂಡಿನಿಂದ ತೆಳುವಾಗಿ, ಒಮ್ಮೆ ಉದ್ದಕ್ಕೆ, ಒಣಗಿದ ಮೇಲೆ ಅಡ್ಡಕ್ಕೆ ಸವರಿದರೆ ಪಟ್ಟೆ ಮೂಡುವುದಿಲ್ಲ. ಕಪ್ಪು ಬೇಕಾದವರು ವಿನೆಗರಿನಲ್ಲಿ ಕಬ್ಬಿಣದ ಚೂರುಗಳನ್ನು ವಾರಗಟ್ಟಲೆ ನೆನೆಹಾಕಿದ ನೀರನ್ನು ಹಚ್ಚುವುದೂ ಉಂಟು. ಮೇಲೆ ಕಲೆಯೆಂದು ದೂರಿದ ಆ ಕಬ್ಬಿಣ ಮತ್ತು ಟ್ಯಾನಿನ್ನಿನ ಸಂಬಂಧವೇ ಇಲ್ಲಿ ಉಪಕಾರಕ್ಕೆ ಬರುತ್ತದೆ: ಕಪ್ಪು ಚರ್ಮದೊಳಗೇ ಹುಟ್ಟುವುದರಿಂದ ಬಟ್ಟೆಗೆ ಹತ್ತುವುದಿಲ್ಲ. ಹಚ್ಚಿದ ಬಳಿಕ ಅಡುಗೆ ಸೋಡಾ ಕದಡಿದ ನೀರಿನಿಂದ ಒರೆಸಿ ಆಮ್ಲವನ್ನು ತಣಿಸಬೇಕು.

ಅಂಚಿಗೆ ಬೇಕಾದುದು ತಾಳ್ಮೆ ಮತ್ತು ಉಪ್ಪುಕಾಗದ. ಚೂಪಾದ ಮೂಲೆಯನ್ನು ಹೆರೆದು ದುಂಡಗೆ ಮಾಡಿ, 220, 400, 600 ಸಂಖ್ಯೆಯ ಕಾಗದಗಳಿಂದ ಇದೇ ಕ್ರಮದಲ್ಲಿ ಉಜ್ಜಿ, ತುಸು ನೀರು ಅಥವಾ ಟ್ರಾಗಕಾಂತ್ ಗೋಂದು ಸವರಿ, ಮರದ ಕೊರಕಲು ಹಿಡಿಯಿಂದಲೋ ದಪ್ಪ ಕ್ಯಾನ್ವಾಸಿನಿಂದಲೋ ರಭಸವಾಗಿ ತಿಕ್ಕಬೇಕು. ತಿಕ್ಕಾಟದ ಬಿಸಿಗೆ ನಾರುಗಳೆಲ್ಲ ಒಂದಕ್ಕೊಂದು ಕೂಡಿಕೊಂಡು, ಎರಡು ಪದರಗಳ ನಡುವಿನ ಗೆರೆ ಕ್ರಮೇಣ ಮಾಯವಾಗುತ್ತದೆ. ಕೊನೆಗೆ ಜೇನುಮೇಣ.

ಎಣ್ಣೆಯ ವಿಷಯದಲ್ಲಿ ಮಾತ್ರ ಕೈ ಬಿಗಿಯಿರಲಿ. ಒಣಗಿದ ಚರ್ಮಕ್ಕೆ ದನದ ಕಾಲ್ಮೂಳೆಯಿಂದ ತೆಗೆಯುವ ನೀಟ್ಸ್‌ಫುಟ್ ಎಣ್ಣೆಯನ್ನು ಒಂದು ಸಲ ತೆಳುವಾಗಿ ಸವರಿದರೆ ಸಾಕು. ಹೊಳೆಯುತ್ತದೆಂದು ಮತ್ತೆ ಮತ್ತೆ ಹಚ್ಚಿದರೆ, ಅಚ್ಚೊತ್ತಿ ಗಳಿಸಿದ ಗಡಸುತನವೆಲ್ಲ ಕರಗಿಹೋಗುತ್ತದೆ. ಒಂದು ದಿನ ಬಿಟ್ಟು ನೀರು ಬೆರೆಸಿ ತೆಳುಮಾಡಿದ ಅಕ್ರಿಲಿಕ್ ಲೇಪವನ್ನು ಎರಡು ಸಲ ಕೊಟ್ಟರೆ ಅದು ಬೆವರನ್ನೂ ಮಳೆಹನಿಗಳನ್ನೂ ತಡೆಯುತ್ತದೆ.

ಪರೀಕ್ಷೆ

ಮಡಚಿದ ಕಂಬಳಿಯ ಮೇಲೆ, ಅಣಕು ಪಿಸ್ತೂಲನ್ನು ಒರೆಗಿಳಿಸಿ ತಲೆಕೆಳಗಾಗಿ ಹಿಡಿದು ಮೆಲ್ಲನೆ ಅಲುಗಿಸಿದರೆ ಬೀಳಬಾರದು, ಕೈ ಹಾಕಿ ಎಳೆದರೆ ತಡವರಿಸದೆ ಬರಬೇಕು. ಹೊಸ ಒರೆ ಬಿಗಿಯಾಗಿಯೇ ಇರುತ್ತದೆ. ಅತಿಯಾಯಿತೆನಿಸಿದರೆ ಅಚ್ಚಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಒಂದು ರಾತ್ರಿ ಒಳಗೇ ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆಯುಧವನ್ನು ತಿಂಗಳುಗಟ್ಟಲೆ ಚರ್ಮದ ಒರೆಯಲ್ಲೇ ಇಡುವ ಅಭ್ಯಾಸ ಬೇಡ. ಚರ್ಮ ಗಾಳಿಯ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಉಕ್ಕು ತುಕ್ಕು ಹಿಡಿಯುತ್ತದೆ.

ಬಳಸಿದ ಮಾದರಿ ಕಾಗದವನ್ನು ಎಸೆಯದೆ, ಕಂಡ ದೋಷವನ್ನು ಅದರ ಮೇಲೆಯೇ ಬರೆದಿಡಬೇಕು. ನನ್ನ ಗೋಡೆಯ ಮೊಳೆಗೆ ನೇತುಹಾಕಿರುವ ಕಾಗದಗಳಲ್ಲಿ ಎಲ್ಲಕ್ಕಿಂತ ಹಳೆಯದರ ಮೇಲೆ ಕೆಂಪು ಶಾಯಿಯಲ್ಲಿ ಎರಡೇ ಪದಗಳಿವೆ: ‘ಪೆನ್ಸಿಲ್ ದಪ್ಪ’.