ಗೋಡೆ ಕಟ್ಟದೆ ಒಂದು ಕೋಣೆಯನ್ನು ಎರಡು ಮಾಡುವುದು ಹೇಗೆ?

ಒಂದೇ ಕೋಣೆ. ಒಬ್ಬರು ಬೇಗ ಮಲಗಬೇಕು, ಇನ್ನೊಬ್ಬರು ರಾತ್ರಿ ಹನ್ನೊಂದರವರೆಗೆ ಓದಬೇಕು. ಲೈಟ್ ಹಾಕಿದರೆ ಮಲಗಿದವರಿಗೆ ಕಷ್ಟ, ಆರಿಸಿದರೆ ಓದುವವರಿಗೆ ಕಷ್ಟ. ನಮ್ಮ ಮನೆಯಲ್ಲಿ ಎರಡು ವರ್ಷ ಹೀಗೇ ನಡೆಯಿತು. ಗೋಡೆ ಎಬ್ಬಿಸೋಣ ಎಂದರೆ ಇಟ್ಟಿಗೆ, ಸಿಮೆಂಟು, ಧೂಳು, ವಾರಗಟ್ಟಲೆ ಕೆಲಸ. ಬಾಡಿಗೆ ಮನೆಯಲ್ಲಿ ಅಂತೂ ಆ ಮಾತೇ ಎತ್ತುವ ಹಾಗಿಲ್ಲ. ಕೊನೆಗೆ ಒಂದು ಪರದೆ, ಒಂದು ಕಪಾಟಿನಲ್ಲಿ ಕೆಲಸ ಮುಗಿಯಿತು. ಆಗ ಕಲಿತದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು: ಏನನ್ನು ತಡೆಯಬೇಕು?

ಅಂಗಡಿಗೆ ಹೋಗುವ ಮುಂಚೆ ಈ ಪ್ರಶ್ನೆಗೆ ಉತ್ತರ ಬೇಕು. ನೋಟ ತಡೆಯಬೇಕೋ, ಬೆಳಕು ತಡೆಯಬೇಕೋ, ಸದ್ದು ತಡೆಯಬೇಕೋ? ಮೂರಕ್ಕೂ ದಾರಿ ಬೇರೆ ಬೇರೆ.

ನೋಟ ತಡೆಯುವುದು ಸುಲಭ. ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 120 ಸೆಂ.ಮೀ. ಎತ್ತರದಲ್ಲಿರುತ್ತದೆ. 140 ಸೆಂ.ಮೀ. ಎತ್ತರದ ಕಪಾಟು ಇಟ್ಟರೆ ಆ ಕಡೆ ಕೂತವರು ಈ ಕಡೆಯವರಿಗೆ ಕಾಣುವುದಿಲ್ಲ. ನಿಂತವರೂ ಕಾಣಬಾರದು ಎಂದರೆ 180 ಸೆಂ.ಮೀ. ಬೇಕಾಗುತ್ತದೆ. ಬೆಳಕು ತಡೆಯಲು ದಪ್ಪ ಬಟ್ಟೆ ಬೇಕು, ಅದು ಸೂರಿನ ಹತ್ತಿರದಿಂದಲೇ ಇಳಿಯಬೇಕು. ಮೇಲೆ ಒಂದು ಗೇಣು ಜಾಗ ಬಿಟ್ಟರೂ ಸೂರಿಗೆ ಬಿದ್ದ ಬೆಳಕು ಆ ಕಡೆಗೆ ಹರಡುತ್ತದೆ.

ಸದ್ದಿನ ವಿಷಯದಲ್ಲಿ ಮಾತ್ರ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಸದ್ದನ್ನು ತಡೆಯುವುದು ಭಾರ, ಮತ್ತು ಸಂದಿಯೇ ಇಲ್ಲದ ಅಡ್ಡ. ಪರದೆಗೆ ಎರಡೂ ಇಲ್ಲ. ದಪ್ಪ ಪರದೆ, ನೆಲಕ್ಕೆ ಹಾಸಿದ ಕಾರ್ಪೆಟ್ಟು ಕೋಣೆಯ ಪ್ರತಿಧ್ವನಿಯನ್ನು ಕಡಿಮೆ ಮಾಡುತ್ತವೆ ನಿಜ. ಆದರೆ ಫೋನಿನಲ್ಲಿ ಮಾತಾಡುವವರ ದನಿ ಆ ಕಡೆ ಕೇಳಿಯೇ ಕೇಳುತ್ತದೆ.

ಹಗ್ಗ ಕಟ್ಟಿ ಒಂದು ವಾರ ನೋಡಿ

ನಾನು ಯಾರಿಗೇ ಸಲಹೆ ಕೊಟ್ಟರೂ ಇದನ್ನು ಬಿಡುವುದಿಲ್ಲ. ಎಲ್ಲಿ ಭಾಗ ಮಾಡಬೇಕು ಅಂತ ಅನ್ನಿಸುತ್ತದೋ ಅಲ್ಲಿ ನೆಲಕ್ಕೆ ಕಾಗದದ ಟೇಪು ಅಂಟಿಸಿ. ಅದರ ಮೇಲೆ ಹಗ್ಗ ಎಳೆದು ಕಟ್ಟಿ ಹಳೆಯ ಬೆಡ್‌ಶೀಟು ಇಳಿಬಿಡಿ. ಏನೂ ಕೊಳ್ಳದೆ ಒಂದು ವಾರ ಹಾಗೇ ಇರಿ. ನಾವು ಮೊದಲು ಕೋಣೆಯ ಸರಿ ಅರ್ಧಕ್ಕೆ ಕಟ್ಟಿದ್ದೆವು. ಮೂರನೇ ದಿನಕ್ಕೆ ಗೊತ್ತಾಯಿತು, ಬೀರುವಿನ ಬಾಗಿಲು ಪೂರ್ತಿ ತೆರೆಯುತ್ತಿಲ್ಲ. ಒಂದು ಮೊಳ ಆಚೆ ಸರಿಸಿದ ಮೇಲೆ ಎಲ್ಲ ಸರಿಯಾಯಿತು. ಡ್ರಿಲ್ ಹಾಕಿದ ಮೇಲೆ ಗೊತ್ತಾಗಿದ್ದರೆ?

ಈ ವಾರದಲ್ಲಿ ನಾಲ್ಕು ಸಂಗತಿ ಗಮನಿಸಿ. ಓಡಾಡುವ ದಾರಿ ಕಡೇಪಕ್ಷ 75 ಸೆಂ.ಮೀ. ಅಗಲ ಉಳಿದಿದೆಯಾ? ವಾಕರ್ ಅಥವಾ ಗಾಲಿಕುರ್ಚಿ ಬಳಸುವವರಿದ್ದರೆ 90 ಸೆಂ.ಮೀ. ಬಿಡಿ. ಕಿಟಕಿ ಒಂದೇ ಇದ್ದರೆ ಅದರ ಬೆಳಕು ಎರಡೂ ಕಡೆಗೆ ಸಿಗುತ್ತಿದೆಯಾ? ಗಾಳಿ ಆಡುತ್ತಿದೆಯಾ? ಕತ್ತಲಲ್ಲಿ ಎದ್ದರೂ ಒಳಗಿನ ಭಾಗದಿಂದ ಬಾಗಿಲಿಗೆ ಎಡವದೆ ಬರಬಹುದಾ?

ಫ್ಯಾನ್ ಮರೆಯಬೇಡಿ. ಸಾಮಾನ್ಯ ಸೀಲಿಂಗ್ ಫ್ಯಾನಿನ ರೆಕ್ಕೆ ಸುತ್ತುವ ಅಗಲ 120 ಸೆಂ.ಮೀ., ಅಂದರೆ ನಡುವಿನಿಂದ 60 ಸೆಂ.ಮೀ. ಪರದೆ ಅಲ್ಲಿಂದಲೂ 30 ಸೆಂ.ಮೀ. ದೂರ ಇರಲಿ. ಗಾಳಿಗೆ ಹಾರಿದ ಬಟ್ಟೆ ರೆಕ್ಕೆಗೆ ಸಿಕ್ಕರೆ ಅಪಾಯ. ಫ್ಯಾನ್ ನಟ್ಟನಡುವೆ ಇದ್ದರೆ ಕೋಣೆಯನ್ನು ಸಮ ಅರ್ಧ ಮಾಡುವ ಆಸೆ ಬಿಟ್ಟು ಒಂದು ಕಡೆ ಸ್ವಲ್ಪ ದೊಡ್ಡದು, ಇನ್ನೊಂದು ಕಡೆ ಸ್ವಲ್ಪ ಚಿಕ್ಕದು ಮಾಡಿ.

ಪರದೆ ಹಾಕುವುದು

ಹೆಚ್ಚಿನ ಮನೆಗಳಿಗೆ ಇದೇ ಸಾಕು. ಬೇಕಾದಾಗ ಎಳೆದುಕೊಳ್ಳಬಹುದು, ಬೇಡದಾಗ ಸರಿಸಿ ಕೋಣೆಯನ್ನು ಮತ್ತೆ ಒಂದು ಮಾಡಬಹುದು.

ಗೋಡೆಗೆ ತೂತು ಹಾಕುವ ಹಾಗಿಲ್ಲದಿದ್ದರೆ ಸ್ಪ್ರಿಂಗ್ ರಾಡ್ ಇದೆ. ಎರಡು ಗೋಡೆಗಳ ನಡುವೆ ಒತ್ತಿ ನಿಲ್ಲಿಸುವಂಥದ್ದು. ಅಗಲ ಎರಡು ಮೀಟರ್ ಒಳಗಿದ್ದು ಬಟ್ಟೆ ಹಗುರವಾಗಿದ್ದರೆ ಮಾತ್ರ ಇದನ್ನು ನಂಬಿ. ನಾವು ಎರಡೂವರೆ ಮೀಟರಿಗೆ ದಪ್ಪ ಪರದೆ ತೂಗಿಸಿದ್ದೆವು. ಎರಡು ದಿನ ನಡು ಬಾಗಿ ನಿಂತಿತ್ತು, ಮೂರನೇ ರಾತ್ರಿ ಧಡಾರನೆ ಬಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಮಲಗಿದವರ ತಲೆಯ ನೇರಕ್ಕೆ ಇಂಥ ರಾಡ್ ಹಾಕಲೇಬೇಡಿ.

ಉದ್ದ ಜಾಸ್ತಿ ಇದ್ದರೆ ಸೂರಿಗೆ ಟ್ರ್ಯಾಕ್, ಅಂದರೆ ಪರದೆ ಜಾರುವ ಪಟ್ಟಿ, ಹಾಕಿಸುವುದು ಒಳ್ಳೆಯದು. ಬಾಡಿಗೆ ಮನೆಯಾದರೆ ಮಾಲೀಕರನ್ನು ಒಂದು ಮಾತು ಕೇಳಿ. ಆರೇಳು ಸಣ್ಣ ತೂತು ಅಷ್ಟೆ, ಬಿಡುವಾಗ ಪುಟ್ಟಿ ಹಚ್ಚಿ ಮುಚ್ಚಬಹುದು.

1. ಎರಡೂ ಗೋಡೆಗಳ ಹತ್ತಿರ ಒಂದೇ ಅಳತೆ ಹಿಡಿದು ಸೂರಿನ ಮೇಲೆ ಗುರುತು ಹಾಕಿ. ಸೀಮೆಸುಣ್ಣ ಹಚ್ಚಿದ ದಾರವನ್ನು ಎರಡು ಗುರುತಿಗೂ ಬಿಗಿಯಾಗಿ ಹಿಡಿದು ಮೀಟಿದರೆ ನೇರ ಗೆರೆ ಬೀಳುತ್ತದೆ.

2. ಟ್ರ್ಯಾಕನ್ನು ಗೆರೆಗೆ ಹಿಡಿದು ತೂತಿನ ಜಾಗ ಗುರುತಿಸಿ. ಎರಡೂ ತುದಿಗೆ ಹತ್ತಿರ ಒಂದೊಂದು, ನಡುವೆ 40ರಿಂದ 50 ಸೆಂ.ಮೀ.ಗೆ ಒಂದು ಸ್ಕ್ರೂ ಇರಲಿ. ಸ್ವಿಚ್‌ಬೋರ್ಡಿನ ನೇರಕ್ಕೆ, ಲೈಟ್ ಮತ್ತು ಫ್ಯಾನ್ ಪಾಯಿಂಟಿನ ಆಸುಪಾಸಿನಲ್ಲಿ ಡ್ರಿಲ್ ಹಾಕಬೇಡಿ, ಒಳಗೆ ವೈರ್ ಹಾದುಹೋಗಿರಬಹುದು. ಅನುಮಾನ ಬಂದರೆ ಎಲೆಕ್ಟ್ರಿಷಿಯನ್ ಕರೆಸಿ.

3. ಕಾಂಕ್ರೀಟಿಗೆ ಹ್ಯಾಮರ್ ಡ್ರಿಲ್ ಬೇಕು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ತಲೆಯ ಮೇಲಿನ ಪುಡಿಯೆಲ್ಲ ಮುಖಕ್ಕೇ ಬೀಳುತ್ತದೆ. ತೂತಿನೊಳಗೆ ಸ್ಕ್ರೂ ಹಿಡಿದುಕೊಳ್ಳುವ 6 ಮಿ.ಮೀ. ಪ್ಲಗ್ಗಿಗೆ 6 ಮಿ.ಮೀ. ಡ್ರಿಲ್ ಬಿಟ್. ತೂತಿನ ಪುಡಿ ಊದಿ ತೆಗೆದು ಪ್ಲಗ್ ಕೂರಿಸಿ ಸ್ಕ್ರೂ ಬಿಗಿಯಿರಿ. ಜಿಪ್ಸಂ ಫಾಲ್ಸ್ ಸೀಲಿಂಗ್ ಇದ್ದರೆ ಬರೀ ಬೋರ್ಡಿಗೆ ಸ್ಕ್ರೂ ಹಾಕಿದರೆ ನಿಲ್ಲುವುದಿಲ್ಲ. ಒಳಗಿನ ಲೋಹದ ಪಟ್ಟಿಗೇ ಬೀಳಬೇಕು.

4. ಬಟ್ಟೆಯ ಲೆಕ್ಕ ಹೀಗೆ. ಟ್ರ್ಯಾಕ್ ಮೂರು ಮೀಟರ್ ಇದ್ದರೆ ಬಟ್ಟೆ ಅದರ ಎರಡರಷ್ಟು, ಆರು ಮೀಟರ್ ಅಗಲ ಬೇಕು. 120 ಸೆಂ.ಮೀ. ಪನ್ನದ ಬಟ್ಟೆಯಾದರೆ ಐದು ತುಂಡು. ತುಂಬ ದಪ್ಪ ಬಟ್ಟೆಗೆ ಒಂದೂವರೆಪಟ್ಟು ಸಾಕು. ಇದಕ್ಕಿಂತ ಕಡಿಮೆ ತಗೊಂಡರೆ ನೆರಿಗೆ ಬೀಳುವುದಿಲ್ಲ, ಪರದೆ ಸುಮ್ನೆ ಚಪ್ಪಟೆಯಾಗಿ ನೇತಾಡುತ್ತದೆ.

5. ಎತ್ತರವನ್ನು ಎಡಕ್ಕೆ, ನಡುವೆ, ಬಲಕ್ಕೆ ಮೂರು ಕಡೆ ಅಳೆಯಿರಿ. ನೆಲ, ಸೂರು ಎರಡೂ ಎಲ್ಲ ಕಡೆ ಒಂದೇ ಮಟ್ಟ ಇರುವುದು ಅಪರೂಪ. ಚಿಕ್ಕ ಅಳತೆ ಹಿಡಿದು ಅದರಲ್ಲಿ ಒಂದೂವರೆ ಸೆಂ.ಮೀ. ಕಳೆಯಿರಿ. ಹತ್ತಿ ಬಟ್ಟೆಯನ್ನು ಹೊಲಿಸುವ ಮೊದಲೇ ಒಮ್ಮೆ ಒಗೆದುಬಿಡಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಗೇಣುದ್ದ ಮೇಲೇರುತ್ತದೆ.

ಕಪಾಟೇ ಗೋಡೆಯಾದರೆ

ಎರಡೂ ಕಡೆ ತೆರೆದ ಕಪಾಟು ಅಂದರೆ ನನಗೆ ತುಂಬ ಇಷ್ಟ. 30 ಸೆಂ.ಮೀ. ಆಳದ ಜಾಗದಲ್ಲಿ ಪುಸ್ತಕ, ಡಬ್ಬಿ, ಬುಟ್ಟಿ ಎಲ್ಲ ಕೂರುತ್ತದೆ, ನಡುವಿನ ಸಂದಿಯಲ್ಲಿ ಬೆಳಕೂ ಹಾಯುತ್ತದೆ. ಮಲಗುವ ಕಡೆಗೆ ಮರೆ ಬೇಕಾದ ಖಾನೆಗಳಲ್ಲಿ ಮಾತ್ರ ಬುಟ್ಟಿ ತುಂಬಿಸಿ, ಉಳಿದವು ಖಾಲಿ ಇರಲಿ.

ಆದರೆ ಒಂದು ಮಾತು. ಗೋಡೆಗೆ ಬೆನ್ನು ಕೊಡದೆ ನಿಂತ ಎತ್ತರದ ಕಪಾಟು ಮಗುವೊಂದು ಹತ್ತಲು ಹೋದರೆ ಉರುಳುತ್ತದೆ. ಆದ್ದರಿಂದ ಅದರ ಒಂದು ಬದಿ ಗೋಡೆಗೆ ತಾಗಿಯೇ ಇರಬೇಕು. ಅಲ್ಲಿ ಮೇಲೊಂದು, ಕೆಳಗೊಂದು ಎಲ್ ಆಕಾರದ ಕಬ್ಬಿಣದ ಪಟ್ಟಿ ಹಾಕಿ ಬಿಗಿಯಿರಿ. ಕಪಾಟು ಉದ್ದವಾಗಿದ್ದರೆ ಇನ್ನೊಂದು ತುದಿಗೆ ಗಿಡ್ಡ ಕಪಾಟೊಂದನ್ನು ಅಡ್ಡಕ್ಕೆ ಇಟ್ಟು ಬೋಲ್ಟಿನಿಂದ ಸೇರಿಸಿ. ಎರಡೂ ಸೇರಿ ಎಲ್ ಆಕಾರವಾದರೆ ಅಲುಗಾಡುವುದಿಲ್ಲ. ಭಾರದ ಸಾಮಾನೆಲ್ಲ ಕೆಳಗಿನ ಖಾನೆಗೆ. ತುಂಬಿಸಿದ ಮೇಲೆ ಮೇಲ್ತುದಿಯನ್ನು ಕೈಯಲ್ಲಿ ಮೆಲ್ಲಗೆ ಎಳೆದು ನೋಡಿ. ಸ್ವಲ್ಪ ಅಲುಗಿದರೂ ಮತ್ತೆ ಬಿಗಿಯಬೇಕು.

ಮಡಚುವ ಸ್ಕ್ರೀನ್ ಬಟ್ಟೆ ಬದಲಿಸಲು, ನೆಂಟರು ಬಂದಾಗ ಒಂದು ಮೂಲೆ ಮರೆ ಮಾಡಲು ಚೆನ್ನ. ನೇರ ಬಿಡಿಸಿ ನಿಲ್ಲಿಸಿದರೆ ಬೀಳುತ್ತದೆ, ಅಂಕುಡೊಂಕಾಗಿ ನಿಲ್ಲಿಸಬೇಕು. ಮಕ್ಕಳು ಓಡಾಡುವ ಮನೆಗೆ ನಾನು ಹೇಳುವುದಿಲ್ಲ.

ಮರೆಯೇ ಬೇಡ, ಬರೀ ‘ಇದು ಕೆಲಸದ ಜಾಗ, ಅದು ಕೂರುವ ಜಾಗ’ ಅಂತ ಗೊತ್ತಾದರೆ ಸಾಕು ಅಲ್ವಾ? ಹಾಗಾದರೆ ಸೋಫಾದ ಬೆನ್ನನ್ನು ಮೇಜಿನ ಕಡೆಗೆ ತಿರುಗಿಸಿ, ಸೋಫಾದ ಮುಂದೆ ಒಂದು ಕಾರ್ಪೆಟ್ಟು ಹಾಸಿ. ಒಂದು ಮೊಳೆಯೂ ಬೇಡ.

ಕೊನೆಗೆ ಲೈಟ್

ಪರದೆ ಹಾಕಿ ಮುಗಿಸಿದ ಮೇಲೆ ಎಷ್ಟೋ ಮನೆಗಳಲ್ಲಿ ನೆನಪಾಗುವುದು ಇದು: ಸ್ವಿಚ್ಚೆಲ್ಲ ಒಂದೇ ಕಡೆ ಉಳಿದಿದೆ. ಸೂರಿನ ಲೈಟ್ ಒಂದೇ ಇದ್ದರೆ ಎರಡೂ ಕಡೆಗೆ ಒಂದೊಂದು ಟೇಬಲ್ ಲ್ಯಾಂಪ್ ಬೇಕು. ಓದುವವರ ಲ್ಯಾಂಪಿನ ಮುಖ ಪರದೆಯ ಕಡೆಗಲ್ಲ, ಗೋಡೆಯ ಕಡೆಗಿರಲಿ. ಎಕ್ಸ್‌ಟೆನ್ಷನ್ ವೈರನ್ನು ಕಾರ್ಪೆಟ್ಟಿನ ಅಡಿಗೆ ತೂರಿಸಬೇಡಿ, ತುಳಿದು ತುಳಿದು ಒಳಗೇ ಸವೆದು ಬಿಸಿಯಾಗುತ್ತದೆ. ಗೋಡೆಯ ಬುಡಕ್ಕೇ ಕ್ಲಿಪ್ ಹಾಕಿ ಒಯ್ಯಿರಿ. ಲ್ಯಾಂಪು, ಫೋನ್ ಚಾರ್ಜರಿಗೆ ಅದು ಸಾಕು. ಇಸ್ತ್ರಿಪೆಟ್ಟಿಗೆ, ಹೀಟರನ್ನು ಮಾತ್ರ ಗೋಡೆಯ ಪ್ಲಗ್ಗಿಗೇ ಹಾಕಿ.