ಬೆಕ್ಕು ಕಚ್ಚಿ ತಂದದ್ದು ಇನ್ನೂ ಬದುಕಿದ್ದರೆ

ಬೆಕ್ಕು ಬಾಯಿ ಬಿಡದೆ, ಗಂಟಲಲ್ಲೇ ಒಂಥರಾ ದಪ್ಪ ದನಿಯಲ್ಲಿ ಕೂಗುತ್ತಾ ಒಳಗೆ ಬಂತು ಅಂದರೆ ಬಾಯಲ್ಲಿ ಏನೋ ಇದೆ. ಆಗ ಕಿರುಚಿಕೊಂಡು ಅಟ್ಟಿಸಿಕೊಂಡು ಹೋದರೆ ಅದು ಸೋಫಾ ಕೆಳಗೆ ನುಗ್ಗಿ ಬಾಯಲ್ಲಿದ್ದದ್ದನ್ನು ಅಲ್ಲೇ ಬಿಡುತ್ತದೆ, ಆಮೇಲೆ ಆ ಇಲಿ ನಿಮ್ಮ ಫ್ರಿಜ್ ಹಿಂದೆ ಸಂಸಾರ ಹೂಡುತ್ತದೆ. ಬೈದರೂ ಉಪಯೋಗವಿಲ್ಲ. ಬೇಟೆಯನ್ನು ತನಗೆ ಧೈರ್ಯ ಇರುವ ಜಾಗಕ್ಕೆ ತರುವುದು ಅದರ ಹುಟ್ಟುಗುಣ, ಆ ಜಾಗ ನಿಮ್ಮ ಹಾಲ್ ಅಷ್ಟೇ.

ಮೊದಲು ಹಿಡಿಯಬೇಕಾದದ್ದು ಬೆಕ್ಕನ್ನು. ಅದಕ್ಕೆ ಇಷ್ಟವಾದ ಮೀನೋ ಕೋಳಿಯೋ ಒಂದು ಚೂರು ತೋರಿಸಿ, ಬಾಯಿ ಬಿಟ್ಟ ತಕ್ಷಣ ಎತ್ತಿ ಬೇರೆ ರೂಮಿಗೆ ಹಾಕಿ ಬಾಗಿಲು ಮುಚ್ಚಿ. ಹಾವಾಗಿದ್ದರೆ ಮಾತ್ರ ಬೆಕ್ಕಿನ ಹತ್ತಿರವೂ ಹೋಗಬೇಡಿ. ಮನೆಗೆ ಬರುವ ತೋಳ ಹಾವಿಗೆ ವಿಷ ಇಲ್ಲ, ಆದರೆ ನೋಡಲು ಥೇಟ್ ಕಟ್ಟು ಹಾವಿನ ಹಾಗೇ, ಪಟ್ಟೆ ನೋಡಿ ಗುರುತಿಸುವ ಸಾಹಸವೆಲ್ಲ ಬೇಡ. ಮಕ್ಕಳನ್ನು ಆಚೆ ಕಳಿಸಿ, ದೂರದಿಂದ ಹಾವಿನ ಮೇಲೆ ಒಂದು ಕಣ್ಣಿಟ್ಟು, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಬೆಕ್ಕಿಗೆ ಕಚ್ಚಿರಬಹುದು ಅನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಪಶುವೈದ್ಯರ ಹತ್ತಿರ ಓಡಿ.

ಇಲಿ, ಸುಂಡಿಲಿ ಆದರೆ ಕೆಲಸ ಸುಲಭ. ಸುಂಡಿಲಿಯ ವಾಸನೆಗೆ ಬೆಕ್ಕು ಅದನ್ನು ತಿನ್ನುವುದು ಕಮ್ಮಿ, ಹಾಗಾಗಿ ಎಷ್ಟೋ ಸಲ ಅದು ಗಟ್ಟಿಮುಟ್ಟಾಗೇ ಇರುತ್ತದೆ. ಇವೆರಡೂ ನಡುಮನೆಯಲ್ಲಿ ಓಡುವುದಿಲ್ಲ, ಗೋಡೆ ಪಕ್ಕದಲ್ಲೇ ಓಡುತ್ತವೆ. ಖಾಲಿ ಬಕೆಟ್ ಒಂದನ್ನು ಗೋಡೆಗೆ ಅಂಟಿಸಿ ಅಡ್ಡ ಮಲಗಿಸಿ, ಇನ್ನೊಂದು ತುದಿಯಿಂದ ಪೊರಕೆ ಮೆಲ್ಲಗೆ ತಳ್ಳುತ್ತಾ ಬನ್ನಿ. ತಾನಾಗೇ ಒಳಗೆ ಹೋಗುತ್ತದೆ. ಬಕೆಟ್ ನೆಟ್ಟಗೆ ಮಾಡಿ ಮೇಲೊಂದು ರಟ್ಟು ಮುಚ್ಚಿದರೆ ಮುಗಿಯಿತು.

ಹಾವುರಾಣಿ, ಹಲ್ಲಿ ತಂದರೆ ಹಾಲ್‌ನಲ್ಲಿ ಬಾಲ ಒಂದೇ ಕುಣಿಯುತ್ತಾ ಇರುತ್ತದೆ, ಬೆಕ್ಕೂ ಅದನ್ನೇ ನೋಡುತ್ತಾ ಕೂತಿರುತ್ತದೆ. ಬಾಲದ ಯಜಮಾನ ಅಷ್ಟೊತ್ತಿಗೆ ಚಪ್ಪಲಿ ಸ್ಟ್ಯಾಂಡ್ ಕೆಳಗೆ. ಬಾಲ ಮತ್ತೆ ಬೆಳೆಯುತ್ತದೆ, ಡಬ್ಬಿ ಮುಚ್ಚಿ ಹಿಡಿದು ಹೊರಗೆ ಬಿಟ್ಟರೆ ಸಾಕು.

ಹಕ್ಕಿ ವಿಷಯದಲ್ಲಿ ಮಾತ್ರ ಜನ ಜಾಸ್ತಿ ಎಡವುತ್ತಾರೆ. ಮೈಮೇಲೆ ಗಾಯ ಕಾಣಲಿಲ್ಲ ಅಂತ ಕಿಟಕಿಯಿಂದ ಹಾರಿಸಿಬಿಡುತ್ತಾರೆ. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ, ಗರಿಯ ಒಳಗೆ ಸೂಜಿಮೊನೆಯಷ್ಟು ಹಲ್ಲು ತಾಗಿದ್ದರೂ ನಂಜೇರಿ ಎರಡು ಮೂರು ದಿನದಲ್ಲಿ ಹಕ್ಕಿ ಸತ್ತುಹೋಗಬಹುದು. ಅದಕ್ಕೆ ಆಂಟಿಬಯಾಟಿಕ್ ಬೇಕು, ಅದೂ ಅವತ್ತೇ. ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಹಳೇ ಕಾಟನ್ ಬಟ್ಟೆ ಹಾಸಿ ಹಕ್ಕಿಯನ್ನಿಟ್ಟು, ಮುಚ್ಚಿ, ಸದ್ದಿಲ್ಲದ ಕಡೆ ಇಡಿ. ಕೊಕ್ಕಿಗೆ ನೀರು ಬಿಡಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಬೆಂಗಳೂರಿನಲ್ಲಾದರೆ ವನ್ಯಜೀವಿ ಆಸ್ಪತ್ರೆಗಳಿವೆ, ಬೇರೆ ಕಡೆ ಪಶು ಆಸ್ಪತ್ರೆಗೇ ಒಯ್ಯಿರಿ. ಅಳಿಲಿಗೂ ಇದೇ ಉಪಚಾರ, ಆದರೆ ದಪ್ಪ ಟವೆಲ್ ಇಲ್ಲದೆ ಕೈ ಹಾಕಬೇಡಿ, ಅದರ ಹಲ್ಲು ಬಲು ಚೂಪು. ಬಾವಲಿಯನ್ನಂತೂ ಬರಿಗೈಯಲ್ಲಿ ಮುಟ್ಟಲೇಬೇಡಿ. ಏನೇ ಕಚ್ಚಿದರೂ ಪರಚಿದರೂ ಸೋಪು ಹಾಕಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ.

ಇದನ್ನು ಕಮ್ಮಿ ಮಾಡಲು ಆಗುತ್ತದಾ? ಸ್ವಲ್ಪ ಮಟ್ಟಿಗೆ ಆಗುತ್ತದೆ. ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಂಸ ಜಾಸ್ತಿ ಇರುವ ಆಹಾರ ಕೊಟ್ಟಾಗ ಬೆಕ್ಕುಗಳು ಮನೆಗೆ ತರುವ ಬೇಟೆ ಶೇ. 36ರಷ್ಟು, ದಿನಾ ಐದು ಹತ್ತು ನಿಮಿಷ ಆಡಿಸಿದಾಗ ಶೇ. 25ರಷ್ಟು ಇಳಿಯಿತು. ಕೊರಳಿಗೆ ಕಟ್ಟಿದ ಗಂಟೆಯಿಂದ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ. ಹಾಲು ಅನ್ನ ಮಾತ್ರ ತಿನ್ನುವ ನಮ್ಮ ಬೆಕ್ಕುಗಳು ಅಳಿಲಿನ ಹಿಂದೆ ಬೀಳುವುದರಲ್ಲಿ ಆಶ್ಚರ್ಯ ಏನು, ಅಲ್ವಾ? ಬೆಳಗಿನ ಜಾವ, ಮುಸ್ಸಂಜೆ ಒಳಗೇ ಇಟ್ಟುಕೊಳ್ಳಿ. ಇಲಿ ತಿನ್ನುವ ಬೆಕ್ಕಿಗೆ ಜಂತುಹುಳದ ಕಾಟ ಜಾಸ್ತಿ, ಅದರ ಮಾತ್ರೆಯನ್ನೂ ರೇಬಿಸ್ ಲಸಿಕೆಯನ್ನೂ ಡಾಕ್ಟರ್ ಹೇಳಿದ ಲೆಕ್ಕಕ್ಕೆ ತಪ್ಪಿಸದೆ ಹಾಕಿಸಿ.