ಕಾಫಿ ಬಿಡಬೇಕಾ? ನಿಮ್ಮ ಗ್ಲುಕೋಮೀಟರನ್ನೇ ಕೇಳಿ

ಶುಗರ್ ಇದೆ ಅಂತ ಗೊತ್ತಾದ ಕೂಡಲೇ ಶುರುವಾಗುವ ಉಪದೇಶಗಳಲ್ಲಿ ಮೊದಲನೆಯದು ಕಾಫಿಯದ್ದು. ಒಬ್ಬರು ಇವತ್ತಿನಿಂದಲೇ ನಿಲ್ಲಿಸಿ ಅನ್ನುತ್ತಾರೆ. ಇನ್ನೊಬ್ಬರು ಕಾಫಿ ಕುಡಿಯುವವರಿಗೆ ಶುಗರ್ ಬರೋದೇ ಕಡಿಮೆಯಂತೆ ಅನ್ನುತ್ತಾರೆ. ತಮಾಷೆ ಏನೆಂದರೆ, ಇಬ್ಬರ ಮಾತಿನಲ್ಲೂ ಹುರುಳಿದೆ.

ಕೆಫೀನ್ ರಕ್ತಕ್ಕೆ ಸೇರಿದಾಗ ಅಡ್ರಿನಲಿನ್ ಸ್ವಲ್ಪ ಏರುತ್ತದೆ. ಆಗ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್‌ಗೆ ತನ್ನ ಕೆಲಸವನ್ನು ಎಂದಿನಷ್ಟು ಚೆನ್ನಾಗಿ ಮಾಡಲಾಗುವುದಿಲ್ಲ. ಟೈಪ್ 2 ಮಧುಮೇಹ ಇರುವ ಕೆಲವರಿಗೆ ತಿಂಡಿಯ ಜೊತೆ ಸ್ಟ್ರಾಂಗ್ ಕಾಫಿ ಕುಡಿದರೆ, ಅದೇ ತಿಂಡಿಗೆ ಶುಗರ್ ಜಾಸ್ತಿ ಏರುತ್ತದೆ. ಇದು ಆ ಕ್ಷಣದ ಲೆಕ್ಕ. ಇನ್ನು ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ, ಕಾಫಿ ಕುಡಿಯುವವರಲ್ಲಿ ಟೈಪ್ 2 ಮಧುಮೇಹ ಕಡಿಮೆ ಕಂಡಿದೆ. ಕೆಫೀನ್ ತೆಗೆದ ಕಾಫಿ ಕುಡಿದವರಲ್ಲೂ ಹಾಗೇ. ಅಂದರೆ ಆ ಲಾಭ ಇದ್ದರೂ ಅದು ಕೆಫೀನ್‌ನಿಂದ ಬಂದದ್ದಲ್ಲ ಅನಿಸುತ್ತದೆ. ಅದಕ್ಕೋಸ್ಕರ ಕಾಫಿ ಅಭ್ಯಾಸ ಮಾಡಿಕೊಳ್ಳಬೇಕಾಗಿಯೂ ಇಲ್ಲ.

ನಿಮ್ಮ ಮಟ್ಟಿಗೆ ಯಾವುದು ನಿಜ? ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ನೀವೇ ನೋಡಿಕೊಳ್ಳಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಶುಗರ್ ದಿಢೀರ್ ಇಳಿಸಬಲ್ಲ ಮಾತ್ರೆಯವರು, ಗರ್ಭಿಣಿಯರು ಮಾತ್ರ ವೈದ್ಯರಿಗೆ ಹೇಳಿಯೇ ಶುರು ಮಾಡಿ. ಪರೀಕ್ಷೆಗೆ ಅಂತ ಯಾರೂ ಮಾತ್ರೆ ಬಿಡಬೇಡಿ, ತಿಂಡಿ ತಡ ಮಾಡಬೇಡಿ.

ಹಂತ 1: ಲೋಟ ಅಳೆಯಿರಿ

ದಿನಕ್ಕೆ ಎರಡೇ ಕಾಫಿ ಅನ್ನುವವರ ಲೋಟ ಎಷ್ಟು ದೊಡ್ಡದು ಅನ್ನುವುದನ್ನು ಯಾರೂ ಕೇಳುವುದಿಲ್ಲ. ಹೋಟೆಲಿನ ಬೈಟು ಕಾಫಿಗೂ ಮನೆಯ ಉದ್ದ ಸ್ಟೀಲ್ ಲೋಟಕ್ಕೂ ಅಜಗಜಾಂತರ. ಮಕ್ಕಳ ಔಷಧಿಯ ಅಳತೆ ಮುಚ್ಚಳವೋ, ಅಡುಗೆಮನೆಯ ಅಳತೆ ಕಪ್ಪೋ ತೆಗೆದುಕೊಂಡು ನಿಮ್ಮ ಲೋಟಕ್ಕೆ ಎಷ್ಟು ಎಂಎಲ್ ಹಿಡಿಯುತ್ತದೆ ನೋಡಿ, ಬರೆದಿಡಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 150 ಎಂಎಲ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65. ದಿನಕ್ಕೆ ಒಟ್ಟು 300 ಮಿಲಿಗ್ರಾಂ ದಾಟಬಾರದು ಎನ್ನುವುದು ಅವರ ಸಲಹೆ. ನಮ್ಮ ಕಾಫಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಲೇ ಇರುವುದರಿಂದ, ಒಂದು ಲೋಟದ ಕೆಫೀನ್ ನೀವು ಹಾಕುವ ಡಿಕಾಕ್ಷನ್ ಎಷ್ಟು, ಎಷ್ಟು ಗಟ್ಟಿ ಅನ್ನುವುದರ ಮೇಲಿದೆ. ಪುಡಿಯೂ ಲೆಕ್ಕಕ್ಕೆ ಬರುತ್ತದೆ. ರೊಬಸ್ಟಾ ಬೀಜದಲ್ಲಿ ಅರೇಬಿಕಾಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಕೆಫೀನ್ ಇರುತ್ತದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ.

ಈಗ ಸಕ್ಕರೆಗೆ ಬನ್ನಿ. ಒಂದು ಚಿಕ್ಕ ಚಮಚ ಅಂದರೆ ಸುಮಾರು 5 ಗ್ರಾಂ. ಲೋಟಕ್ಕೆ ಎರಡು ಚಮಚ, ದಿನಕ್ಕೆ ನಾಲ್ಕು ಲೋಟ ಅಂದರೆ 40 ಗ್ರಾಂ ಆಯಿತು. ದೊಡ್ಡವರಿಗೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೂ ಆರೋಗ್ಯವಂತರಿಗೆ. ಬೆಲ್ಲದ ಕಾಫಿಯವರು ಇಲ್ಲಿ ಮುಗುಳ್ನಗಬೇಕಾಗಿಲ್ಲ. ಗ್ಲುಕೋಮೀಟರಿನ ಮುಂದೆ ಬೆಲ್ಲವೂ ಸಕ್ಕರೆಯೇ. ಹಾಲಿನಲ್ಲೂ 100 ಎಂಎಲ್‌ಗೆ ಸುಮಾರು 5 ಗ್ರಾಂ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಇರುತ್ತದೆ. ಕಾಫಿ ಜೊತೆಗಿನ ಬಿಸ್ಕತ್, ರಸ್ಕ್, ಕೋಡುಬಳೆಗಳನ್ನೂ ಅದೇ ಚೀಟಿಯಲ್ಲಿ ಬರೆಯಿರಿ. ನನ್ನ ಅಭಿಪ್ರಾಯ ಕೇಳಿದರೆ, ಕಾಫಿಯ ತಲೆಗೆ ಕಟ್ಟುವ ಅಪವಾದದಲ್ಲಿ ದೊಡ್ಡ ಪಾಲು ಈ ಪಟ್ಟಿಯದ್ದು.

ಹಂತ 2: ಬೆರಳು ಚುಚ್ಚುವುದನ್ನು ಸರಿಯಾಗಿ ಕಲಿಯಿರಿ

ಇಲ್ಲಿ ಎಡವಿದರೆ ಮುಂದಿನದ್ದೆಲ್ಲ ವ್ಯರ್ಥ. ಸೋಪು ಹಾಕಿ ಕೈ ತೊಳೆದು, ಪೂರ್ತಿ ಒರೆಸಿಕೊಳ್ಳಿ. ಬಾಳೆಹಣ್ಣು ಸುಲಿದ ಕೈಯಲ್ಲೋ, ಸಕ್ಕರೆ ಡಬ್ಬಿ ಮುಟ್ಟಿದ ಕೈಯಲ್ಲೋ ಹಾಗೇ ಚುಚ್ಚಿದರೆ ಮೀಟರ್ ಬೆರಳಿಗೆ ಅಂಟಿದ ಸಕ್ಕರೆಯನ್ನೂ ಸೇರಿಸಿ ಓದುತ್ತದೆ. ಸ್ಪಿರಿಟ್ ಹಚ್ಚಿದರೆ ಅದು ಆರುವವರೆಗೆ ಕಾಯಿರಿ. ಬೆರಳ ತುದಿಯ ನಡುವೆ ಬೇಡ, ಪಕ್ಕದಲ್ಲಿ ಚುಚ್ಚಿ, ನೋವು ಕಡಿಮೆ. ರಕ್ತ ಬರಲಿಲ್ಲ ಅಂತ ಜೋರಾಗಿ ಹಿಂಡಬೇಡಿ. ಕೈಯನ್ನು ಕೆಳಗೆ ಇಳಿಬಿಟ್ಟು ಸ್ವಲ್ಪ ಬೆಚ್ಚಗೆ ಮಾಡಿಕೊಂಡರೆ ತಾನಾಗಿ ಬರುತ್ತದೆ.

ಸ್ಟ್ರಿಪ್ ಡಬ್ಬಿಯ ಮುಚ್ಚಳ ಕೂಡಲೇ ಮುಚ್ಚಿ. ತೇವ, ಬಿಸಿಲು ಎರಡೂ ಅದಕ್ಕೆ ಆಗಿಬರುವುದಿಲ್ಲ. ಬೇಸಿಗೆಯಲ್ಲಿ ಕಾರಿನೊಳಗೆ ಬಿಡಬೇಡಿ, ಫ್ರಿಜ್ಜಿನಲ್ಲೂ ಇಡಬೇಡಿ. ಎಕ್ಸ್‌ಪೈರಿ ದಿನಾಂಕ ನೋಡಿ.

ಇನ್ನೊಂದು ಮುಖ್ಯ ವಿಷಯ. ಮೀಟರ್ ಹೇಳುವ ಸಂಖ್ಯೆ ಅಂದಾಜು. ಈಗಿನ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, 100 ಅಥವಾ ಅದಕ್ಕಿಂತ ಮೇಲಿನ ಓದಿನಲ್ಲಿ ಶೇ 15ರಷ್ಟು ಆಚೀಚೆ ಆದರೂ ಮೀಟರ್ ಪಾಸ್. ಲ್ಯಾಬಿನಲ್ಲಿ 160 ಬರುವ ರಕ್ತಕ್ಕೆ ನಿಮ್ಮ ಮೀಟರ್ 136 ಅಂದರೂ ತಪ್ಪಲ್ಲ, 184 ಅಂದರೂ ತಪ್ಪಲ್ಲ. ಹಾಗಾಗಿ ನಿನ್ನೆ 148, ಇವತ್ತು 156 ಅಂತ ಕಾಫಿಯ ಮೇಲೆ ಗೂಬೆ ಕೂರಿಸಬೇಡಿ.

ಹಂತ 3: ಒಂದೇ ತಿಂಡಿ, ಬೇರೆ ಬೇರೆ ಕಾಫಿ

ಅಸಲು ಪರೀಕ್ಷೆ ಇದು. ಖಾಲಿ ಹೊಟ್ಟೆಯಲ್ಲಿ ಬರೀ ಡಿಕಾಕ್ಷನ್ ಕುಡಿದು ನೋಡಿದರೆ ಅರ್ಧ ಕತೆ ಮಾತ್ರ ಗೊತ್ತಾಗುತ್ತದೆ. ಕೆಫೀನ್‌ನ ಪ್ರಭಾವ ಹೆಚ್ಚಾಗಿ ಕಾಣುವುದು ಇಡ್ಲಿ, ಅವಲಕ್ಕಿ, ಚಪಾತಿಯಂಥ ಪಿಷ್ಟದ ತಿಂಡಿ ಜೊತೆಗಿದ್ದಾಗ.

ಒಂದು ತಿಂಡಿ ಆರಿಸಿಕೊಳ್ಳಿ. ಮೂರು ಇಡ್ಲಿ ಅಂದರೆ ಪ್ರತಿ ಸಲವೂ ಮೂರೇ, ಅದೇ ಗಾತ್ರದ್ದು, ಅದೇ ಚಟ್ನಿ. ಹೊತ್ತೂ ಅದೇ ಇರಲಿ. ಹಿಂದಿನ ರಾತ್ರಿ ಮದುವೆ ಊಟ ಆಗಿದ್ದರೆ, ನಿದ್ದೆ ಕೆಟ್ಟಿದ್ದರೆ, ಜ್ವರ ನೆಗಡಿ ಇದ್ದರೆ ಆ ದಿನ ಬೇಡ. ತಿಂಡಿಗೆ ಮೊದಲು ಒಮ್ಮೆ ಚುಚ್ಚಿ ನೋಡಿ. ಮೊದಲ ತುತ್ತಿನಿಂದ ಗಡಿಯಾರ ನೋಡಿಕೊಂಡು, ಎರಡು ಗಂಟೆಗೆ ಮತ್ತೊಮ್ಮೆ. ನಡುವೆ ಬೇರೇನೂ ತಿನ್ನುವುದು ಬೇಡ. ಒಂದು ದಿನ ವಾಕಿಂಗ್ ಹೋಗಿ ಇನ್ನೊಂದು ದಿನ ಸೋಫಾದಲ್ಲಿ ಕೂತರೂ ಲೆಕ್ಕ ತಪ್ಪುತ್ತದೆ.

ಮೊದಲ ಬೆಳಿಗ್ಗೆ ತಿಂಡಿ ಜೊತೆ ನೀರು ಮಾತ್ರ. ಇದೇ ನಿಮ್ಮ ಅಳತೆಗೋಲು. ಎರಡನೇ ಬೆಳಿಗ್ಗೆ ಅದೇ ತಿಂಡಿ, ಸಕ್ಕರೆ ಹಾಲು ಇಲ್ಲದ ಡಿಕಾಕ್ಷನ್. ಮೂರನೆಯದಕ್ಕೆ ಹಾಲು ಸೇರಿಸಿ, ಸಕ್ಕರೆ ಬೇಡ. ನಾಲ್ಕನೆಯದು ನೀವು ದಿನಾ ಕುಡಿಯುವಂಥದ್ದೇ. ಕೊನೆಯ ಮೂರು ದಿನಗಳಲ್ಲೂ ಡಿಕಾಕ್ಷನ್ ಅಷ್ಟೇ ಇರಲಿ. ದಿನದಿಂದ ದಿನಕ್ಕೆ ಒಂದೇ ಒಂದು ಬದಲಾಗಬೇಕು. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ.

ಎಂಟು ಸ್ಟ್ರಿಪ್ ಖರ್ಚಾಗುತ್ತದೆ. ಸಾಧ್ಯವಾದರೆ ಇನ್ನೊಂದು ವಾರ ಇಡೀ ಸುತ್ತನ್ನು ಮತ್ತೆ ಮಾಡಿ. ಸ್ಟ್ರಿಪ್ ಸುಮ್ನೆ ಬರಲ್ಲ, ಗೊತ್ತು. ಆದರೆ ಒಂದೇ ಸಲದ ಸಂಖ್ಯೆಯನ್ನು ನಂಬಿ ಜೀವಮಾನದ ಕಾಫಿ ಬಿಡುವುದೂ ಅಗ್ಗದ ಮಾತಲ್ಲ, ಅಲ್ವಾ?

ನೋಡಬೇಕಾದದ್ದು ಏರಿಕೆಯನ್ನು. ಅಂದರೆ ಎರಡು ಗಂಟೆಯ ಸಂಖ್ಯೆಯಿಂದ ತಿಂಡಿಗೆ ಮೊದಲಿನದ್ದನ್ನು ಕಳೆಯಿರಿ. ನೀರಿನ ದಿನ 45 ಏರಿ, ಡಿಕಾಕ್ಷನ್ ದಿನ 50 ಏರಿದರೆ ಎರಡೂ ಒಂದೇ ಅಂತಿಟ್ಟುಕೊಳ್ಳಿ. ಎರಡು ಸುತ್ತಿನಲ್ಲೂ ನೀರಿನ ದಿನಕ್ಕಿಂತ ಡಿಕಾಕ್ಷನ್ ದಿನ 40 ಜಾಸ್ತಿ ಏರಿದ್ದರೆ ಕೆಫೀನ್ ನಿಮಗೆ ಆಗುತ್ತಿಲ್ಲ ಅಂತ ಅನುಮಾನಿಸಬಹುದು. ಡಿಕಾಕ್ಷನ್‌ಗೆ ಏನೂ ಆಗದೆ, ನಾಲ್ಕನೇ ದಿನ ಮಾತ್ರ ನೆಗೆದರೆ ಕಾರಣ ಚಮಚದಲ್ಲಿದೆ.

ಬೆಳಿಗ್ಗೆ ಎದ್ದ ಕೂಡಲೇ, ಏನೂ ಕುಡಿಯದೆಯೇ ಶುಗರ್ ಜಾಸ್ತಿ ತೋರಿಸಿದರೆ ಗಾಬರಿ ಬೇಡ. ನಸುಕಿನಲ್ಲಿ ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಏರುವುದರಿಂದ ಹಲವರಲ್ಲಿ ಹೀಗಾಗುತ್ತದೆ. ಅದಕ್ಕೇ ತಿಂಡಿಗೆ ಮೊದಲಿನ ಓದು ಬೇಕೇ ಬೇಕು. ಸಾಮಾನ್ಯವಾಗಿ ಮಧುಮೇಹ ಇರುವವರಿಗೆ ತಿಂಡಿಗೆ ಮೊದಲು 80ರಿಂದ 130, ಊಟದ ನಂತರ 180ರ ಒಳಗೆ ಎನ್ನುವ ಗುರಿ ಇಡುತ್ತಾರೆ. ವಯಸ್ಸಾದವರಿಗೆ, ಬೇರೆ ಕಾಯಿಲೆ ಇರುವವರಿಗೆ ವೈದ್ಯರು ಇದನ್ನು ಸಡಿಲಿಸುವುದುಂಟು.

ಹಂತ 4: ನೀರನ್ನು ಮರೆಯಬೇಡಿ

ಕಾಫಿ ಕುಡಿದರೆ ಮೈಯ ನೀರೆಲ್ಲ ಹೋಗುತ್ತದೆ ಅನ್ನುವುದು ಅತಿಶಯೋಕ್ತಿ. ದಿನಾ ಕುಡಿಯುವವರಿಗೆ ಮೂರ್ನಾಲ್ಕು ಸಣ್ಣ ಕಪ್ ಕಾಫಿಯ ನೀರೂ ನೀರಿನ ಲೆಕ್ಕಕ್ಕೇ ಸೇರುತ್ತದೆ. ತೊಂದರೆ ಇರುವುದು ಶುಗರ್ ಜಾಸ್ತಿಯಾದಾಗ. ರಕ್ತದ ಗ್ಲುಕೋಸ್ ಸುಮಾರು 180 ದಾಟಿದರೆ ಮೂತ್ರಪಿಂಡಕ್ಕೆ ಅದನ್ನೆಲ್ಲ ಹಿಡಿದಿಟ್ಟುಕೊಳ್ಳಲಾಗುವುದಿಲ್ಲ. ಹೆಚ್ಚಾದದ್ದು ಮೂತ್ರಕ್ಕೆ ಹೋಗುತ್ತದೆ, ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ನೀರು ಕಡಿಮೆಯಾದಂತೆ ರಕ್ತದಲ್ಲಿ ಉಳಿದ ಸಕ್ಕರೆ ಮತ್ತಷ್ಟು ಸಾಂದ್ರವಾಗುತ್ತದೆ. ಮೀಟರ್ ಇನ್ನೂ ಮೇಲೆ ಹೋಗುತ್ತದೆ. ಬಾಯಾರಿಕೆ ಹೆಚ್ಚುತ್ತದೆ. ಆಗ ತಣ್ಣಗಿರಲಿ ಅಂತ ಕಬ್ಬಿನ ಹಾಲನ್ನೋ ಬಾಟಲಿ ಜ್ಯೂಸನ್ನೋ ಕುಡಿದರೆ ಮುಗಿಯಿತು.

ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಇದು ಬೇಗ ಕೈಮೀರುತ್ತದೆ. ಅಲ್ಲಿ ಹೊರಗೆ ದುಡಿಯುವವರು ಬಾಯಾರಿಕೆಗಾಗಿ ಕಾಯದೆ ಆಗಾಗ ನೀರು ಕುಡಿಯುತ್ತಿರಬೇಕು. ಮೂತ್ರದ ಬಣ್ಣ ನೋಡಿಕೊಳ್ಳಿ. ತಿಳಿ ಹಳದಿ ಇದ್ದರೆ ಸರಿ, ಗಾಢವಾದರೆ ನೀರು ಸಾಲದು. ನೀರಿನ ನಂತರ ನನ್ನ ಓಟು ತೆಳ್ಳನೆ ಮಜ್ಜಿಗೆಗೆ. ಬಿಪಿ ಇದ್ದವರು ಉಪ್ಪು ಬಿಟ್ಟು, ಇಂಗು ಕರಿಬೇವು ಹಾಕಿಕೊಳ್ಳಿ. ಎಳನೀರಿನಲ್ಲಿ ಸಕ್ಕರೆ ಇದೆ, ಪೊಟ್ಯಾಸಿಯಂ ಬಹಳ ಇದೆ. ಮೂತ್ರಪಿಂಡದ ತೊಂದರೆ ಇರುವವರು ಕೇಳಿಯೇ ಕುಡಿಯಬೇಕು. ಹೃದಯ ಅಥವಾ ಮೂತ್ರಪಿಂಡದ ಕಾರಣಕ್ಕೆ ನೀರಿನ ಮಿತಿ ಹಾಕಿಸಿಕೊಂಡವರಿಗೆ ಆ ಮಿತಿಯೇ ಅಂತಿಮ.

ಓಆರ್‌ಎಸ್ ದಾಹಕ್ಕೆ ಕುಡಿಯುವ ಪಾನೀಯವಲ್ಲ, ಅದು ವಾಂತಿ ಭೇದಿಯ ಔಷಧಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 13.5 ಗ್ರಾಂ ಗ್ಲುಕೋಸ್ ಇರುತ್ತದೆ. ಇಷ್ಟು ವರ್ಷ ಅಂಗಡಿಗಳಲ್ಲಿ ಇದೇ ಹೆಸರು ಹೊತ್ತ ಸಿಹಿ ಪಾನೀಯಗಳೂ ಸಿಗುತ್ತಿದ್ದವು. ಆ ಸೂತ್ರ ಪಾಲಿಸದ ಪಾನೀಯಗಳು ಓಆರ್‌ಎಸ್ ಅನ್ನುವ ಹೆಸರು ಬಳಸಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ತಡವಾದರೂ ಒಳ್ಳೆಯ ಕೆಲಸ.

ಹಂತ 5: ಬೇಕಾದ್ದನ್ನಷ್ಟೇ ಬದಲಿಸಿ

ಕಾರಣ ಸಕ್ಕರೆ ಅಂತ ಗೊತ್ತಾದರೆ ವಾರಕ್ಕೆ ಅರ್ಧ ಚಮಚದಂತೆ ಇಳಿಸಿ. ನಾಲಿಗೆ ಒಗ್ಗಿಕೊಳ್ಳುತ್ತದೆ. ಹಾಲು ಕಾರಣವಾದರೆ ಲೋಟ ಚಿಕ್ಕದು ಮಾಡಿ. ಕೆಫೀನ್ ಅಂತ ಅನಿಸಿದರೆ ಎರಡನೇ ಡಿಕಾಕ್ಷನ್ ಬಳಸಿ, ಅಥವಾ ಪುಡಿ ಅಂಗಡಿಯಲ್ಲಿ ಅರೇಬಿಕಾ ಹೆಚ್ಚು, ರೊಬಸ್ಟಾ ಕಡಿಮೆ ಇರುವ ಮಿಶ್ರಣ ಕೇಳಿ. ಚಿಕೋರಿ ಸ್ವಲ್ಪ ಹೆಚ್ಚಿಸಿದರೂ ಕೆಫೀನ್ ಇಳಿಯುತ್ತದೆ, ಫಿಲ್ಟರ್ ಕಾಫಿಯ ಭಕ್ತರು ಕ್ಷಮಿಸಬೇಕು. ಒಮ್ಮೆಲೇ ನಿಲ್ಲಿಸಿದರೆ ಒಂದು ದಿನದೊಳಗೆ ತಲೆನೋವು ಹಿಡಿದುಕೊಳ್ಳುತ್ತದೆ, ನಿಧಾನವಾಗಿಯೇ ಇಳಿಸಿ.

ಕೆಫೀನ್ ಅರ್ಧದಷ್ಟು ಕರಗಲು ಸುಮಾರು 5 ಗಂಟೆ ಬೇಕು. ಸಂಜೆ 6ರ ಕಾಫಿಯ ಅರ್ಧ, ರಾತ್ರಿ 11ಕ್ಕೂ ಮೈಯಲ್ಲೇ ಇರುತ್ತದೆ. ನಿದ್ದೆ ಕೆಟ್ಟರೆ ಮರುದಿನ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಕೊನೆಯ ಕಾಫಿ ಮಧ್ಯಾಹ್ನ 3ರೊಳಗೆ ಮುಗಿದರೆ ಚೆನ್ನ.

ಸಣ್ಣಪುಟ್ಟವು ಎರಡು. ಫಾಸ್ಟಿಂಗ್ ರಕ್ತಪರೀಕ್ಷೆಗೆ ಹೋಗುವ ಬೆಳಿಗ್ಗೆ ಸಕ್ಕರೆ ಇಲ್ಲದ ಕಾಫಿಯೂ ಬೇಡ, ನೀರು ಮಾತ್ರ. ಥೈರಾಯ್ಡ್ ಮಾತ್ರೆ ನುಂಗಿದ ಮೇಲೆ ಕಾಫಿಗೆ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಡಿ.

ಕೈ ನಡುಗಿದರೆ ಊಹೆ ಬೇಡ

ಎದೆ ಢವಢವ, ಕೈ ನಡುಕ, ಬೆವರು. ಕಾಫಿ ಜಾಸ್ತಿಯಾದಾಗಲೂ ಹೀಗೇ, ಶುಗರ್ ಇಳಿದಾಗಲೂ ಹೀಗೇ. ಕೂಡಲೇ ಚುಚ್ಚಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆಯನ್ನೋ ಗ್ಲುಕೋಸ್ ಪುಡಿಯನ್ನೋ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ ಏರಿಲ್ಲದಿದ್ದರೆ ಇನ್ನೊಮ್ಮೆ. ಮೀಟರ್ ಕೈಗೆ ಸಿಗದಿದ್ದರೆ ಇಳಿದಿದೆ ಅಂತಲೇ ತಿಳಿದು ಸಕ್ಕರೆ ಕೊಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ.

ಶುಗರ್ ಮತ್ತೆ ಮತ್ತೆ 300ರ ಆಸುಪಾಸು ತೋರಿಸುತ್ತಾ ವಾಂತಿ, ಹೊಟ್ಟೆನೋವು, ಏದುಸಿರು, ಮಂಪರು ಇದ್ದರೆ ಆಸ್ಪತ್ರೆಗೆ ಹೋಗಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕವೇ ಹೊರಹಾಕುವಂಥವು. ಇವನ್ನು ನುಂಗುವವರಿಗೆ ಶುಗರ್ ಅಷ್ಟೇನೂ ಏರದಿದ್ದರೂ ಇಂಥ ಅಪಾಯ ಬರಬಹುದು. ವಾಂತಿ ಭೇದಿ ಶುರುವಾದ ದಿನ ಮಾತ್ರೆ ನಿಲ್ಲಿಸಬೇಕೇ ಅಂತ ಮುಂದಿನ ಭೇಟಿಯಲ್ಲೇ ವೈದ್ಯರನ್ನು ಕೇಳಿ ಬರೆಸಿಕೊಳ್ಳಿ. ಹೋಗುವಾಗ ನಿಮ್ಮ ಎಂಟು ಸ್ಟ್ರಿಪ್‌ನ ಲೆಕ್ಕದ ಚೀಟಿಯನ್ನೂ, ಲೋಟದ ಅಳತೆಯನ್ನೂ ಜೊತೆಗೊಯ್ಯಿರಿ.